ಹವಳದ ತೊಟ್ಟಿಗೊಂದು ಕೊಡ ಶುದ್ಧ ನೀರು

ನೆಮ್ಮದಿ ಬೇಕೆನ್ನುವವರು ಸಮುದ್ರವನ್ನು ಮನೆಯೊಳಗೆ ತರಬಾರದು. ಇದನ್ನು ನಾನು ತಂದ ಮೇಲೆ ಅರಿತುಕೊಂಡೆ. ಮಗರಪಟ್ಟಾದ ನಮ್ಮ ಮನೆಯ ಹಜಾರದಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿ ಹವಳಗಳಿದ್ದವು, ಎರಡು ಪಟ್ಟೆಮೀನು, ಒಂದು ಕೆಂಪು ಸೀಗಡಿ, ನಾಲ್ಕೈದು ಬಸವನಹುಳುಗಳೂ ಇದ್ದವು. ಮೀನು ಸಾಕುವುದೆಂದರೆ ಮೀನಿಗೆ ತಿನ್ನಲು ಹಾಕುವುದೆಂದು ಬಹಳ ಜನ ತಿಳಿದಿದ್ದಾರೆ. ಹವಳ ಸಾಕುವವನು ನಿಜವಾಗಿ ಸಾಕುವುದು ನೀರನ್ನು. ಹವಳವು ತನ್ನ ಮೈ ಕಟ್ಟಿಕೊಳ್ಳಲು ನೀರಿನ ಸುಣ್ಣದಂಶವನ್ನೂ ಕ್ಷಾರತೆಯನ್ನೂ ದಿನವೂ ಎಳೆದುಕೊಳ್ಳುತ್ತದೆ. ಎಳೆದುಕೊಂಡಷ್ಟನ್ನು ಅಳೆದು ಹಿಂತಿರುಗಿಸಬೇಕು, ಒಂದಿಷ್ಟೂ ಹೆಚ್ಚಲ್ಲ, ಕಡಿಮೆಯೂ ಅಲ್ಲ. ಅಳೆಯುವುದಕ್ಕೆ ಒಂದು ಪುಟ್ಟ ಗಾಜಿನ ನಳಿಕೆ, ಒಂದು ಔಷಧದ ಶೀಶೆ. ನೀಲಿ ಬಣ್ಣ ಹಳದಿಗೆ ತಿರುಗುವವರೆಗೆ ಹನಿ ಎಣಿಸಬೇಕು. ಎಂಟನೆಯ ಹನಿಗೆ ತಿರುಗಿದರೆ ನನ್ನ ದಿನ ಚೆನ್ನಾಗಿರುತ್ತಿತ್ತು. ಏಳಕ್ಕೇ ತಿರುಗಿದರೆ ಖರಾಡಿಯ ಕಚೇರಿಯಲ್ಲಿ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಒಮ್ಮೆ ಹನ್ನೊಂದಕ್ಕೆ ತಿರುಗಿತು. ಅಂದು ರಜೆ ಹಾಕಿದೆ, ಕಾರಣದ ಜಾಗದಲ್ಲಿ 'ಕೌಟುಂಬಿಕ' ಎಂದು ಬರೆದೆ.

ಈ ಹವ್ಯಾಸ ನನಗೇಕೆ ಬಂತೆಂದು ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವನು ನಾನೇ ಮೊದಲಿಗ. ಅವ್ವ, ಅಪ್ಪ ಯಾದಗಿರಿ ಕಡೆಯಿಂದ ಬಂದು ಕೊಂಢವಾದ ಕಟ್ಟಡಗಳಲ್ಲಿ ಗಾರೆ ಹೊತ್ತವರು; ಅಪ್ಪ ಈಗಿಲ್ಲ. ನಾನು ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಓದಿದೆ. ಅಲ್ಲಿ ಮೇಷ್ಟ್ರೊಬ್ಬರು 'ಅದ' ಎನ್ನುತ್ತಿದ್ದ ನನ್ನ ಬಾಯಿಂದ ಎಲ್ಲರೆದುರು 'ಇದೆ' ಎಂದು ಹತ್ತು ಸಲ ಹೇಳಿಸಿದರು. ಹನ್ನೊಂದನೆಯ ಸಲ ನಾನಾಗಿಯೇ ಹೇಳಿದೆ. ಇಂದಿಗೂ ನಿಲ್ಲಿಸಿಲ್ಲ. ಮೊದಲ ಪದವೀಧರನಿಗೆ ಪದವಿಯು ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಲೇ ಇರುತ್ತದೆ. ಆದರೆ ಕುಂಟುವುದನ್ನು ಯಾರೂ ನೋಡಬಾರದು. ಕಚೇರಿಯಲ್ಲಿ ಹಿರಿಯರೊಬ್ಬರು ತಮ್ಮ ಮನೆಯ ಹವಳದ ತೊಟ್ಟಿಯ ಚಿತ್ರಗಳನ್ನು ತೋರಿಸಿದಾಗ, ಓದಿದವರ ಮನೆಯಲ್ಲಿ ಇಂಥದ್ದೊಂದು ಇರಬೇಕೇನೋ ಎಂದು ನನಗೆ ತೋರಿತು. ಅವ್ವನಿಗೆ ಮಾತ್ರ ಇದು ಇಂದಿಗೂ ಅರ್ಥವಾಗಿಲ್ಲ. ನಾನು ಬಕೆಟ್ಟಿನಲ್ಲಿ ಉಪ್ಪು ಕದಡುತ್ತಿದ್ದರೆ ಬಾಗಿಲಿಗೊರಗಿ ನಿಂತು ನೋಡುವಳು. "ಊರಾಗ ಸೌಳ ನೀರು ಕುಡದು ಕುಡದು ಸಾಕಾಗಿ ಇಲ್ಲಿಗಿ ಬಂದ್ವಿ. ಇವ ನೋಡಿದ್ರ ಚೊಲೋ ನೀರಿಗಿ ಉಪ್ಪ ಹಾಕಿ ಸೌಳ ಮಾಡ್ಲತ್ತಾನ. ಇದನ್ನ ಕಲೀಲಿಕ್ಕಿ ಕಾಲೇಜಿಗಿ ಹೋಗಿದ್ದೇನೋ, ತಮ್ಮಾ?"

ಕಳೆದ ತಿಂಗಳು ಕಚೇರಿಯವರು ನನ್ನನ್ನು ಎರಡು ವಾರ ಹೈದರಾಬಾದಿಗೆ ಕಳುಹಿಸಿದರು. ಸುಣ್ಣವನ್ನೂ ಕ್ಷಾರವನ್ನೂ ಹನಿಸಲು ಪುಟ್ಟ ಯಂತ್ರವೊಂದನ್ನು ಜೋಡಿಸಿದೆ. ಆದರೆ ತೊಟ್ಟಿಯ ನೀರು ದಿನವೂ ಸ್ವಲ್ಪ ಆವಿಯಾಗುತ್ತದೆ. ಉಪ್ಪು ಮಾತ್ರ ಹಿಂದೆ ಉಳಿಯುತ್ತದೆ. ಹಾಗಾಗಿ ಇಳಿದಷ್ಟು ನೀರನ್ನು ಬೆಳಿಗ್ಗೆ ತುಂಬಲೇಬೇಕು. ನನ್ನ ಹೆಂಡತಿ ಸುನಂದಾ ಏಳಕ್ಕೆಲ್ಲ ಕೆಲಸಕ್ಕೆ ಹೊರಡುವವಳು. ಉಳಿದವಳು ಅವ್ವ. ನಮ್ಮೊಡನಿರಲು ಬಂದು ಒಂದು ವರ್ಷವಾಗಿತ್ತು. ಜೀವನವಿಡೀ ದುಡಿದ ಆಕೆಗೆ ಈ ಮನೆಯಲ್ಲಿ ಯಾರೂ ಒಂದು ಕೆಲಸವನ್ನೂ ಹೇಳಿರಲಿಲ್ಲ. ಹೊರಡುವ ದಿನ ಗಾಜಿನ ಮೇಲೆ ಗೆರೆಯೊಂದನ್ನು ಎಳೆದು, "ಅವ್ವಾ, ದಿನವೂ ಇಲ್ಲಿಯವರೆಗೆ ಶುದ್ಧ ನೀರು ಹಾಕಬೇಕು. ಶುದ್ಧ ನೀರು ಮಾತ್ರ" ಎಂದೆ.

ಅಡುಗೆಮನೆಯ ಯಂತ್ರದಿಂದ ಬರುವ ನೀರನ್ನು ನಮ್ಮ ಮನೆಯಲ್ಲಿ ಎಲ್ಲರೂ 'ಫಿಲ್ಟರ್ ನೀರು' ಎನ್ನುತ್ತಾರೆ. ನಾನು ಮಾತ್ರ ಹಾಗೆನ್ನುವುದಿಲ್ಲ.

"ಶುದ್ಧಂದ್ರ? ಮಡಿ ನೀರೇನೋ?" ಎಂದು ಅವ್ವ ಕೇಳಿದಳು.

ಕೆಳಗೆ ಕಾರು ಬಂದು ನಿಂತಿತ್ತು. "ಹೌದು, ಅತ್ಯಂತ ಶುದ್ಧವಾಗಿರಬೇಕು" ಎಂದು ಹೇಳಿ ಚೀಲವೆತ್ತಿಕೊಂಡೆ.

"ಆತ್ ಬಿಡು. ನೀ ಏನೂ ಚಿಂತಿ ಮಾಡಬ್ಯಾಡ" ಎಂದಳು ಅವ್ವ. ಆಕೆಯ ಮುಖ ಅಷ್ಟು ಗೆಲುವಾಗಿದ್ದುದನ್ನು ನಾನು ನೋಡಿ ಎಷ್ಟೋ ದಿನಗಳಾಗಿದ್ದವು.

ಪ್ರತಿದಿನ ಫೋನು ಮಾಡಿ ವಿಚಾರಿಸುತ್ತಿದ್ದೆ. "ಒಂದಿನಾನೂ ತಪ್ಪಿಸಿಲ್ಲಪ್ಪ" ಎನ್ನುತ್ತಿದ್ದಳು. ಹದಿನೈದನೆಯ ದಿನ, ಭಾನುವಾರ ಬೆಳಿಗ್ಗೆ ಬಂದು ನೋಡಿದರೆ ಸೀಗಡಿ ಅಂಗಾತ ಬಿದ್ದಿತ್ತು. ಬಸವನಹುಳುಗಳು ಗಾಜಿನಿಂದ ಕಳಚಿ ಮರಳಿನಲ್ಲಿ ಉರುಳಿದ್ದವು. ಹವಳಗಳು ಮುದುಡಿ, ಕೆಲವೆಡೆ ಬಿಳಿಯ ಎಲುಬು ಕಾಣಿಸುತ್ತಿತ್ತು. ಮೀನುಗಳೆರಡೂ ಸಂತಾಪ ಸೂಚಿಸಲು ಬಂದವರಂತೆ ಒಂದು ಮೂಲೆಯಲ್ಲಿ ನಿಂತಿದ್ದವು. ಬೂಟು ಬಿಚ್ಚದೆಯೇ ಪರೀಕ್ಷೆಗೆ ಕುಳಿತೆ. ಕ್ಷಾರತೆ ಸರಿಯಾಗಿತ್ತು. ಲವಣಾಂಶ ಸರಿಯಾಗಿತ್ತು. ಸುಣ್ಣದಂಶವೂ ಸರಿಯಾಗಿತ್ತು. ಎಲ್ಲ ವಿಷಯಗಳಲ್ಲೂ ಉತ್ತೀರ್ಣವಾಗಿ ನನ್ನ ಸಮುದ್ರ ಸತ್ತುಹೋಗಿತ್ತು. ಕೊಂಢವಾದ ಮೀನಿನ ಅಂಗಡಿಯವರಿಗೆ ಫೋನು ಮಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ಮರಾಠಿಯಲ್ಲಿ, "ಸಾಹೇಬ, ಪಾಣ್ಯಾತ ತಾಂಬಂ ಗೆಲಂ ಕಾ?" ಎಂದರು. ನೀರಿಗೆ ತಾಮ್ರವೇನಾದರೂ ಹೋಯಿತೇ ಎಂದು ಅವರ ಪ್ರಶ್ನೆ. ಮೀನು ಹೇಗೋ ತಡೆದುಕೊಳ್ಳುತ್ತದೆ, ಸೀಗಡಿಗೂ ಹವಳಕ್ಕೂ ತಾಮ್ರವೆಂದರೆ ವಿಷವಂತೆ. ನಮ್ಮಲ್ಲಿ ತಾಮ್ರ ಎಲ್ಲಿಂದ ಬರಬೇಕು ಎಂದು ನಾನು ಹೇಳುತ್ತಿರುವಾಗಲೇ ಅವ್ವ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು, ದೇವರ ಮುಂದೆ ರಾತ್ರಿಯೆಲ್ಲ ತುಂಬಿಟ್ಟಿದ್ದ ತಾಮ್ರದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಹೊರಬಂದಳು. ಆ ದಿನದ ಶುದ್ಧ ನೀರು.

"ಇವತ್ತು ನಾನೇ ಹಾಕುತ್ತೇನೆ" ಎಂದು ಕೊಡವನ್ನು ಇಸಿದುಕೊಂಡೆ. ಸುನಂದಾ ನನ್ನನ್ನು ಒಳಗೆ ಕರೆದು ಮೆಲ್ಲಗೆ, "ಹೇಳಬ್ಯಾಡ್ರಿ. ಇಲ್ಲಿಗಿ ಬಂದ ಮ್ಯಾಗ ಈ ಹದಿನೈದ ದಿನಾನ ಅತ್ತಿಯವರು ನಕ್ಕೋತ ಅಡ್ಡಾಡ್ಯಾರ" ಎಂದಳು. ಹೇಳಿದರೆ ಆಕೆ ಇನ್ನು ಈ ಮನೆಯಲ್ಲಿ ಒಂದು ಲೋಟವನ್ನೂ ಮುಟ್ಟಲಾರಳು. ಹೇಳದಿದ್ದರೆ ನಾಳೆ ಮತ್ತೆ ಕೊಡ ತುಂಬುತ್ತಾಳೆ. ನಾನು ಮೂರು ದಿನ ಆಕೆಗಿಂತ ಮೊದಲೇ ಎದ್ದು ತೊಟ್ಟಿ ತುಂಬಿದೆ, ತಾಮ್ರ ಹೀರಲು ಇದ್ದಿಲಿನ ಚೀಲ ಇಳಿಬಿಟ್ಟೆ, ನೀರು ಬದಲಿಸಿದೆ. ನಾಲ್ಕನೆಯ ದಿನ ಅವ್ವ ತೊಟ್ಟಿಯ ಮುಂದೆ ಕುಳಿತಿದ್ದಳು. ಹವಳಗಳನ್ನು ಆಕೆ ಹೂವೆಂದೇ ಕರೆಯುತ್ತಿದ್ದಳು.

"ಹೂವ ಯಾಕೋ ಮಾರಿ ಒಳಗ ಎಳಕೊಂಡಾವ?"

"ಋತುಮಾನದ ಬದಲಾವಣೆಯಿಂದಾಗಿ ನೀರಿನ ರಾಸಾಯನಿಕ ಸಮತೋಲನದಲ್ಲಿ ಸ್ವಲ್ಪ ವ್ಯತ್ಯಯವಾಗಿದೆ, ಅವ್ವಾ."

"ನಾ ಹಾಕಿದ ನೀರಿಂದ ಸತ್ತಾವ, ಹೌದಿಲ್ಲೋ?"

"ಹಾಗೇನೂ ಇಲ್ಲ. ಇದಕ್ಕೆ ಹಲವು ಕಾರಣಗಳಿರುತ್ತವೆ."

ಅವ್ವ ನನ್ನ ಕಡೆ ತಿರುಗಿದಳು. "ಸುಳ್ಳ ಹೇಳೂ ಮುಂದ ನೀ ಹಿಂಗ ಪುಸ್ತಕ ಓದಿದಂಗ ಮಾತಾಡ್ತಿ. ಸಾಲ್ಯಾಗ ಗಣಿತ ನಾಪಾಸಾದಾಗೂ ಹಿಂಗ ಅಂದಿದ್ದಿ."

ನನ್ನ ಬಾಯಿಂದ ಎಷ್ಟೋ ವರ್ಷಗಳ ಹಿಂದಿನ ಮಾತು ಹೊರಟಿತು. "ಹೌದವ್ವಾ. ತಾಂಬ್ರ ಅವಕ್ಕ ವಿಷ ಅದ. ನಾ ಫಿಲ್ಟರ್ ನೀರು ಅಂತ ಹೇಳಬೇಕಿತ್ತು."

"ಫಿಲ್ಟರ್ ನೀರು ಅನ್ಲಿಕ್ಕಿ ನಾಲಗಿ ಸವೀತಿತ್ತೇನೋ ನಿಂದು?" ಎಂದಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಗಾಜಿನ ಮೇಲೆ ಅಂಗೈ ಇಟ್ಟು, "ದಿನಾ ಕೈಮುಗದು ವಿಷಾ ಹಾಕೀನಲ್ಲಪ್ಪ" ಎಂದಳು.

ಈಗ ತುಳಸಿಗೆ ನೀರೆರೆಯುವ ಮೊದಲು ಅವ್ವ ಸುನಂದಾಳನ್ನು "ಯಾವ ನೀರು ಹಾಕ್ಲೆವ್ವ?" ಎಂದು ಕೇಳುತ್ತಾಳೆ. ತೊಟ್ಟಿಯಲ್ಲಿ ಎರಡು ಮೀನುಗಳಷ್ಟೇ ಇವೆ. ಸುಣ್ಣವನ್ನು ಎಳೆದುಕೊಳ್ಳುವವರು ಯಾರೂ ಉಳಿದಿಲ್ಲವಾದ್ದರಿಂದ ಕ್ಷಾರತೆಯು ದಿನವೂ ಎಂಟನೆಯ ಹನಿಗೇ ತಿರುಗುತ್ತದೆ. ನಾನು ಬಯಸಿದ್ದ ಸ್ಥಿರತೆ ಕಡೆಗೂ ದೊರಕಿದೆ.

ನಿನ್ನೆ ಇದನ್ನು ಬರೆಯುತ್ತ ಕುಳಿತಿದ್ದಾಗ ಅವ್ವ ಬಂದು, ಏನು ಬರೆಯುತ್ತಿದ್ದೀಯೆಂದು ಕೇಳಿದಳು. ತೊಟ್ಟಿಯ ವಿಷಯವೆಂದೆ. "ಓದು, ಕೇಳ್ತೀನಿ" ಎಂದು ನೆಲದ ಮೇಲೆ ಕುಳಿತಳು. ನಾನು ಒಂದಕ್ಷರವೂ ತೊದಲದೆ ಓದಿದೆ. ಅವ್ವ ಕೊನೆಯವರೆಗೂ ತಾಳ್ಮೆಯಿಂದ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, "ಭಾಳ ಚಂದ ಓದಿದ್ಯೋ ತಮ್ಮಾ. ಇದರಾಗ ಸುಳ್ಳ ಎಷ್ಟದ?" ಎಂದಳು. ನಾನು ಮೊದಲ ವಾಕ್ಯದಿಂದ ಮತ್ತೆ ಓದತೊಡಗಿದೆ, ಈ ಸಲ ಮನಸ್ಸಿನಲ್ಲಿ.