ಪೂರ್ಣ ಹಾಜರಿಯ ಲೋಟ

ನಮ್ಮ ದೊಡ್ಡಪ್ಪ ಮಕ್ಕಳ ಕಳ್ಳ. ಗಾಬರಿಯಾಗಬೇಡಿ! ಅವರು ಕದ್ದದ್ದು ನನ್ನ ಮಕ್ಕಳನ್ನೇ; ಅದೂ ಹಾಡಹಗಲು, ಸಾಲಿಯಿಂದ, ಹೆಡ್‌ಮಾಸ್ತರರ ಕಣ್ಣೆದುರಿಗೆ. ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಹೊಲ ಅಳೆಯುವ ಸರ್ವೇಯರ್ ನಾನು. ಒಂದು ಗುಂಟೆ ಹೆಚ್ಚು ಹೇಳುವವನಲ್ಲ, ಕಡಿಮೆ ಹೇಳುವವನೂ ಅಲ್ಲ. ಆ ದಿನದ ನಡುಕ ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ಕಂಡಷ್ಟನ್ನೇ ಬರೆಯುತ್ತೇನೆ.

ದೊಡ್ಡಪ್ಪ ಇರುವುದು ಬೈಲಹೊಂಗಲದಲ್ಲಿ, ನಾವು ಯರಗಟ್ಟಿಯಲ್ಲಿ. ಅವರ ಬಗಲಚೀಲದಲ್ಲಿ ಸದಾ ಒಂದು ಹಿತ್ತಾಳೆ ಲೋಟ. ಯಾವ ಅಂಗಡಿಯಲ್ಲಿ ಚಹಾ ಕುಡಿದರೂ ಕಪ್ಪಿನಿಂದ ಲೋಟಕ್ಕೆ ಸುರುವಿಕೊಂಡೇ ಕುಡಿಯಬೇಕು. ಸುರುವಿದ ಮೇಲೆ ಲೋಟದ ಕಾಲುಭಾಗವೂ ತುಂಬದ್ದು ನೋಡಿ, “ಇಷ್ಟ ಏನೋ?” ಎಂದು ಅಂಗಡಿಯವನನ್ನು ಬೈಯುವುದು ಬೇರೆ!

ಇನ್ನೊಂದು ಹುಚ್ಚು ಇದಕ್ಕಿಂತ ದೊಡ್ಡದು. ಹತ್ತಿಯ ಗಿರಣಿಯಲ್ಲಿ ದುಡಿಯುತ್ತಿದ್ದ ನಮ್ಮ ಅಜ್ಜ ನಕ್ಕದ್ದನ್ನು ಕಂಡವರೇ ಇಲ್ಲ. ಒಮ್ಮೆ ಮಾತ್ರ, ಗೋಕಾಕ ಫಾಲ್ಸಿನಲ್ಲಿ, ತುಂತುರು ಮುಖಕ್ಕೆ ಹೊಡೆದು, ತಲೆಯ ಪಟಗ ಹಾರಿಹೋಗಿ, ನಕ್ಕು ನಕ್ಕು ಬಂಡೆಯ ಮೇಲೆ ಕುಳಿತೇಬಿಟ್ಟರಂತೆ. ಆಗ ಜೊತೆಗಿದ್ದವರು ನಮ್ಮಪ್ಪ ಒಬ್ಬರೇ. ಪ್ರತಿ ದೀಪಾವಳಿಗೆ ದೊಡ್ಡಪ್ಪ ತಮ್ಮನನ್ನು ಎದುರಿಗೆ ಕೂಡ್ರಿಸಿಕೊಂಡು, “ಅಪ್ಪ ಹೆಂಗ ನಕ್ಕ, ತೋರ್ಸಲೇ” ಎನ್ನುವರು. ಅಪ್ಪ ನಕ್ಕು ತೋರಿಸುವರು.

“ಇನ್ನೊಮ್ಮಿ.”

ಮತ್ತೆ ನಗು.

“ಹೋದ ವರ್ಸ ಹಿಂಗ ನಕ್ಕಿರಲಿಲ್ಲ ನೀ!”

ಅಜ್ಜನ ನಗುವಿನಲ್ಲೂ ಹೀಗೆ ತಕರಾರು ತೆಗೆಯುವುದೇ! ನಾವು ಮಕ್ಕಳು ಹೊಟ್ಟೆ ಹಿಡಿದುಕೊಂಡು ಉರುಳುತ್ತಿದ್ದೆವು. ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಆ ಆಟವೂ ನಿಂತಿತು.

ಇನ್ನು ಕಳವಿನ ವಿಷಯ. ನನ್ನ ಮಗಳು ಸಹನಾ ಐದನೆಯ ಇಯತ್ತೆ. ಈ ವರ್ಷ ಒಂದು ದಿನವೂ ಸಾಲಿ ತಪ್ಪಿಸಿರಲಿಲ್ಲ. ಸಾಲಿಯ ವಾರ್ಷಿಕ ಗ್ಯಾದರಿಂಗಿನಲ್ಲಿ ಎಲ್ಲರೆದುರು ಪೂರ್ಣ ಹಾಜರಿಯ ಬಹುಮಾನ ಪಡೆಯಬೇಕೆಂಬುದೇ ಅವಳ ಧ್ಯಾನ. ಜ್ವರದಲ್ಲೂ ಅವಳು ಪಾಟಿಚೀಲ ಏರಿಸಿಕೊಂಡು ಹೊರಟದ್ದನ್ನು ದೊಡ್ಡಪ್ಪ ಒಮ್ಮೆ ಕಂಡರು. ಮುಂದಿನ ವಾರ, ಬುಧವಾರ ಮುಂಜಾನೆ, ಬಾಗಿಲಲ್ಲಿ ಪ್ರತ್ಯಕ್ಷ!

“ಹುಬ್ಬಳ್ಳಿ ಕಡೆ ನೀರಾಟದ ಪಾರ್ಕ್ ಐತಂತ. ನಡೀರಿ ಎಲ್ಲಾರೂ.”

“ರವಿವಾರ ಹೋದ್ರಾತು ದೊಡ್ಡಪ್ಪಾ,” ಎಂದೆ.

“ರವಿವಾರ ನೀರಿಗಿಂತ ಮಂದಿನ ಹೆಚ್ಚಿರತಾರ. ತಮ್ಮಾ, ನೀನೂ ಸೂಟಿ ಹಾಕು. ನೀ ಬರಲಿಲ್ಲಂದ್ರ ಯಾರೂ ಹೋಗೂದು ಬ್ಯಾಡ.”

ಪ್ರಾರ್ಥನೆಯ ಗಂಟೆಗೆ ಮೊದಲೇ ಅವರು ಹೆಡ್‌ಮಾಸ್ತರರ ಮುಂದೆ ನಿಂತರು. ಎರಡನೆಯ ಇಯತ್ತೆಯ ನನ್ನ ಮಗ ಪವನ ಆಗಲೇ ಬೂಟು ಬಿಚ್ಚಿ ತಯಾರಾಗಿದ್ದ. ಸಹನಾಳ ಕಣ್ಣಲ್ಲಿ ನೀರು.

“ಹುಡುಗೂರಿಗೆ ಆರಾಮಿಲ್ಲೇನ್ರಿ ಹಿರ‍್ಯಾರ?”

“ಅಗದೀ ಆರಾಮ ಅದಾರ‍್ರಿ. ನೀರಾಗ ಆಡಾಕ ಕರಕೊಂಡ ಹೊಂಟೇನಿ.”

“ಹಂಗಂದ್ರ ಸೂಟಿ ಹೆಂಗ ಕೊಡ್ಲಿ? ಮನ್ಯಾಗ ಲಗ್ನ ಐತಿ ಅನ್ರಿ.”

“ಯಾರ ಲಗ್ನಾರಿ?”

“ಯಾರದರೆ ಅನ್ರಿ!”

“ಲಗ್ನ ಅಂದ್ಮ್ಯಾಲೆ ನಿಮ್ಮನ್ನ ಊಟಕ್ಕ ಕರೀಬೇಕಾಗತೈತಿ. ಎಲ್ಲಿಗಂತ ಕರೀಲ್ರಿ?”

ಹೆಡ್‌ಮಾಸ್ತರರು ಸೋತರು. “ಆದ್ರ ಇವತ್ತ ತಪ್ಪಿಸಿದ್ರ ಈಕಿ ಬಹುಮಾನ ಹೋತು ನೋಡ್ರಿ,” ಎಂದರು.

“ಹೋಗ್ಲಿ ಬಿಡ್ರಿ,” ಎಂದರು ದೊಡ್ಡಪ್ಪ.

ಎಂಥ ನಿರ್ದಯಿ ಎಂದುಕೊಂಡೆ. ಆದರೂ ಸಹನಾಳ ಪಾಟಿಚೀಲ ಹೊತ್ತುಕೊಂಡು ಅವರ ಹಿಂದೆ ನಡೆದೆ.

ಬಸ್ಸಿನಲ್ಲಿ ಸಹನಾ ಸವದತ್ತಿ ದಾಟುವವರೆಗೂ ಅಳುತ್ತಿದ್ದಳು. ಆಮೇಲೆ ದೊಡ್ಡಪ್ಪ ಚೀಲದಿಂದ ಲೋಟ ತೆಗೆದು ಅವಳ ಮಡಿಲಲ್ಲಿಟ್ಟರು. “ತಗೋ, ನಿನ್ನ ಬಹುಮಾನ.”

ಲೋಟದ ಮೇಲೆ ಸವೆದ ಅಕ್ಷರಗಳಿದ್ದವು. ಇಷ್ಟು ವರ್ಷ ನಾನು ಓದಿಯೇ ಇರಲಿಲ್ಲ. ಅವಳು ಬೆರಳಿಟ್ಟು ಓದಿದಳು: “ಪೂರ್ಣ ಹಾಜರಿ.”

“ಇದು ನಿಮ್ಮದು! ನಿಮಗ ಬಂದೈತಿ, ನನಗ ಯಾಕ ತಪ್ಪಸ್ತೀರಿ ಅಜ್ಜಾ?”

ಅವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು: “ನಮ್ಮಪ್ಪ ಫಾಲ್ಸಿಗೆ ಕರದಿದ್ದ. ಸಾಲಿ ತಪ್ಪತೈತಿ, ನಾ ಒಲ್ಲೆ ಅಂದೆ. ತಮ್ಮ ಹೋದ.”

ಅಷ್ಟೇ.

ಪಾರ್ಕಿನಲ್ಲಿ ಧೋತರ ಉಟ್ಟವರನ್ನು ನೀರಿಗೆ ಬಿಡುವುದಿಲ್ಲವೆಂದರು. “ಹೊಳ್ಯಾಗ ಇದನ್ನ ಉಟಗೊಂಡ ಈಜೀನಲೇ!” ಎಂದು ಕಾವಲಿನ ಹುಡುಗನ ಜೊತೆ ಜಗಳಾಡಿ, ಕೊನೆಗೆ ದಂಡೆಯ ಮೇಲೆ ಕುಳಿತರು. ಸಹನಾ ಮುಖ ಊದಿಸಿಕೊಂಡು ಅವರ ಪಕ್ಕ. ನನಗೆ ಗಿಳಿಗಳ ಚಿತ್ರವಿದ್ದ ಬಾಡಿಗೆಯ ಚಡ್ಡಿ ಹಾಕಿಸಿ, ಹೆಂಡತಿ ಮತ್ತು ಪವನ ನೀರಿಗೆ ಎಳೆದರು. ತಲೆಯ ಮೇಲೆ, ಎತ್ತರದ ಕಂಬಗಳ ನಡುವೆ, ಒಂದು ದೈತ್ಯ ಬಕೆಟ್ ತೂಗುತ್ತಿತ್ತು. ಅದಕ್ಕೆ ಎಷ್ಟು ನೀರು ಹಿಡಿಯಬಹುದು ಎಂದು ನಾನು ಕೆಳಗೆ ನಿಂತು ಲೆಕ್ಕ ಹಾಕತೊಡಗಿದೆ.

ಅದು ಮಗುಚಿತು.

ಮೊದಲು ಆಕಾಶ ಬಿತ್ತು. ಆಮೇಲೆ ನಾನು ಬಿದ್ದೆ. ಕನ್ನಡಕ ಒಂದು ಕಡೆ, ಚಡ್ಡಿ ಹಿಡಿದ ಕೈ ಒಂದು ಕಡೆ. ಜೀವ ನಡುಗುತ್ತಿತ್ತು. ಅಷ್ಟರಲ್ಲಿ ಯಾರೋ ನಗುವ ಸದ್ದು ಕೇಳಿತು. ದೊಡ್ಡ ಗಂಟಲು, ನಿಲ್ಲದ ನಗು. ಯಾರಪ್ಪಾ ಇದು ಎಂದು ಸುತ್ತ ನೋಡಿದೆ. ನಾನೇ!

ಕಣ್ಣು ಒರೆಸಿ ಕನ್ನಡಕ ಏರಿಸಿಕೊಂಡೆ. ದಂಡೆಯಲ್ಲಿ ದೊಡ್ಡಪ್ಪ ನನ್ನನ್ನು ನೋಡುತ್ತಿರಲಿಲ್ಲ. ಸಹನಾಳ ಗಲ್ಲ ಹಿಡಿದು, ಮುಖವನ್ನು ನನ್ನ ಕಡೆಗೆ ತಿರುಗಿಸಿದ್ದರು. ಅವಳು ಕಣ್ಣು ಪಿಳುಕಿಸದೆ ನೋಡುತ್ತಿದ್ದಳು. ಆಮೇಲೆ ಲೋಟವನ್ನು ಅವರ ಕೈಗಿಟ್ಟು, ಓಡಿಬಂದು ನೀರಿಗೆ ಜಿಗಿದಳು.

ಹೊತ್ತು ಮುಳುಗುವಾಗ ವಾಪಸು ಬಸ್ಸು ಹತ್ತಿದೆವು. ಪವನ ನಿದ್ದೆಹೋದ. ನಾನೂ ಕಣ್ಣು ಮುಚ್ಚಿಕೊಂಡಿದ್ದೆ, ನಿದ್ದೆ ಬಂದಿರಲಿಲ್ಲ. ಮುಂದಿನ ಸೀಟಿನಲ್ಲಿ ದೊಡ್ಡಪ್ಪನ ದನಿ, ಬಲು ಮೆಲ್ಲಗೆ:

“ಯವ್ವಾ, ನಿಮ್ಮಪ್ಪ ಹೆಂಗ ನಕ್ಕ?”

ನಾನು ಕಣ್ಣು ತೆರೆದೆ. ಸಹನಾ ಬಾಯಿ ದೊಡ್ಡದು ಮಾಡಿ ನಕ್ಕು ತೋರಿಸಿದಳು. ಬಸ್ಸಿನವರೆಲ್ಲ ತಿರುಗಿ ನೋಡಿದರು.

ದೊಡ್ಡಪ್ಪ ಅವಳ ಕಡೆಗೆ ಪೂರ್ತಿ ತಿರುಗಿ ಕುಳಿತರು. ಆಮೇಲೆ ಅಂದರು:

“ಇನ್ನೊಮ್ಮಿ.”