ಇಂಗ್ಲಿಷ್ ಕಲ್ಸಿದ ಟೊಪ್ಪಿಗಿ

ನನಗ ಇದು ರೂಢಿ ಆಗಿಬಿಟ್ಟದ್ರೀ. ಯಾರಿಗರೆ ಒಂದು ಇಂಗ್ಲಿಷ್ ಶಬ್ದ ಕಲ್ಸಾಕ ಹೋದ್ರ, ಅದು ಪುಸ್ತಕದಾಗ ಸುಮ್ನ ಕೂಡಂಗಿಲ್ಲ. ಎದ್ದು ಮನ್ಯಾಗ ಅಡ್ಡಾಡಾಕ ಶುರು ಮಾಡ್ತದ.

ನಿಜಾಮನ ರಾಜ್ಯ ಹೋದ ಪೊಲೀಸ್ ಆಕ್ಷನ್ ಗಡಬಡದಾಗ ಹೈದರಾಬಾದಿನ ನಮ್ಮ ಕಾಲೇಜು ಬಾಗಲಾ ಹಾಕ್ತು. ಆಮ್ಯಾಲ ಅದು ತೆರೀತು, ನಾ ತಿರುಗಿ ಹೋಗ್ಲಿಲ್ಲ. ಕಲಬುರ್ಗ್ಯಾಗ ಮಾಮಾನ ಮನಿ ಸೇರಿ ರೊಟ್ಟಿ ಮುರಿಯಾಕತ್ತೆ. ಮಾಮಾ ಕಚೇರ್ಯಾಗ ಕಾರಕೂನ. ಉರ್ದು ಬರದ್ರ ಮುತ್ತು ಪೋಣಿಸಿದಂಗ, ಇಂಗ್ಲಿಷಿನಾಗ ಎಬಿಸಿಡಿ ಮುಗದ ಕೂಡ್ಲೆ ಹಾದಿ ಬಂದ್. ಅಂಥಾದ್ರಾಗ ಮದ್ರಾಸ್ ಕಡಿಂದ ಹೊಸಾ ಸಾಹೇಬ ಬಂದ. ಇನ್ನಮ್ಯಾಲ ಕೆಲಸೆಲ್ಲ ಇಂಗ್ಲಿಷಿನಾಗ, ಒಬ್ಬೊಬ್ಬರನ್ನ ಒಳಗ ಕರದು ಕೇಳ್ತೀನಿ, ಬರ್ಲಿಲ್ಲಂದ್ರ ಮನಿಗೆ ಹೋಗ್ರಿ ಅಂದ. ಆ ಪರೀಕ್ಷಾಕ್ಕ ಕಚೇರಿ ಮಂದಿ ಇಮ್ತಿಹಾನ್ ಅಂತಿದ್ರು.

ಮಾಮಾನ ನೌಕರಿ ಹೋದ್ರ ನನ್ನ ರೊಟ್ಟಿನೂ ಹೋಗ್ತದ. ಹಂಗಾಗಿ ನಾ ಮಾಸ್ತರ ಆದೆ.

೧. ಮೊಣಕಾಲು

ಮಾಮಾನ ತಲಿಗೆ ಶಬ್ದ ಹತ್ತವಲ್ದು. ಮುಂಜಾನಿ ಹೇಳಿದ್ದು ಊಟದ ಹೊತ್ತಿಗೆ ಮಾಯ. ಕಡೀಕ ನನಗ ಸಿನಿಮಾದಾಂವ ಒಬ್ಬ ನೆನಪಾದ. ಊರೂರು ತಂಬು ಹೊಡೆದು ಸಿನಿಮಾ ತೋರಸ್ತಿದ್ದ. ಗಡಬಡದಾಗ ತಂಬು ಸುಟ್ಟು, ಅವನ ಹಂತ್ಯಾಕ ಕೈಲೆ ತಿರಗ್ಸೋ ಮಷಿನ್ನು, ಒಂದ ಒಂದು ಕಾರ್ಟೂನ್ ರೀಲು ಉಳದಿತ್ತು. ಅದ್ರಾಗ ಆವಾಜ್ ಇಲ್ಲ. ಶರಣಬಸವೇಶ್ವರ ಗುಡಿ ಹಿಂದ ತೊಗರಿ ಗೋದಾಮಿನಾಗ ಬಾಗಲಾ ಮುಚ್ಚಿ, ಪರದೆ ಬದ್ಲಿ ಮಾಮಾನ ಧೋತ್ರಾ ಕಟ್ಟಿ, ಹಾಡಹಗಲೆ ರೀಲು ಬಿಟ್ವಿ.

ಕರೀ ಗೀಟಿನಾಗ ಬರೆದ ಒಬ್ಬ ಸಣಕಲು ಮನಶ್ಯಾ ಟೊಪ್ಪಿಗಿ ಹಾಕ್ಕೊಂಡು ಯಾರೂ ಇಲ್ಲದ ಬಂಗ್ಲೆದಾಗ ಹೋಗ್ತಾನ. ಕಣ್ಣಿನ ಜಾಗಾದಾಗ ಎರಡು ಚುಕ್ಕಿ. ಎಲ್ಲಿ ಕೂತ್ರೂ ಆ ಚುಕ್ಕಿ ನಮ್ಮ ಕಡೀನೇ ನೋಡ್ತಿದ್ವು. ಗೋದಾಮಿನಾಗ ಮಷಿನ್ನಿನ ಕಿರ್ ಕಿರ್ ಬಿಟ್ರ ಏನೂ ಕೇಳಸವಲ್ದು. ಅವನ ಮೊಣಕಾಲು ಒಂದಕ್ಕೊಂದು ಬಡ್ಯಾಕತ್ವು.

"ಟ್ರೆಂಬಲ್" ಅಂದೆ.

ಆಮ್ಯಾಲ ಆ ಮನಶ್ಯಾ ಹೊಗಿಯಾಗಿ ಹೋದ. "ವ್ಯಾನಿಶ್."

ಟೊಪ್ಪಿಗಿ ಅಷ್ಟೇ ಗಾಳ್ಯಾಗ ತೇಲಾಡ್ಕೋತ ನಿಂತ್ತು. "ಹವರ್."

ಮಾಮಾ ಥಟ್ನ ಎದ್ದು ಆ ಟೊಪ್ಪಿಗಿಗೆ ಸಲಾಂ ಹೊಡದ. "ಲೇ ಅಳ್ಯಾ, ಇದು ನಮ್ಮ ಹಳೇ ಸಾಹೇಬ್ರದು!"

ಹಳೇ ಸಾಹೇಬ ಆ ಗಡಬಡದಾಗ ಒಂದಿನ ಅರ್ಧಾ ಚಾ ಕುಡುದು ಕಚೇರಿ ಹೊರಗ ಹೋದಾಂವ ತಿರುಗಿ ಬರ್ಲಿಲ್ಲ. ಎಲ್ಲಿ ಹೋದಾ ಅಂತ ಯಾರೂ ಕೇಳ್ಲಿಲ್ಲ, ಯಾರೂ ಹೇಳ್ಲಿಲ್ಲ. ಅವನ ಕುಚ್ಚಿನ ಕೆಂಪು ರೂಮಿ ಟೊಪ್ಪಿಗಿ ಕುರ್ಚಿ ಹಿಂದಿನ ಗೂಟಕ್ಕ ಹಂಗೇ ತೂಗಾಕತ್ತದ. ಅದನ್ನ ತೆಗ್ಯಾಕ ಯಾರಿಗೂ ಕೈ ಏಳವಲ್ದು. ಚಪರಾಸಿ ದಿನಾ ಧೂಳಾ ಝಾಡ್ಸಿ, ಅದಕ್ಕೊಂದು ಸಲಾಂ ಹೊಡದು ಹೋಗ್ತಾನ.

ಅವತ್ತಿಂದ ಮಾಮಾಗ ಶಬ್ದ ಹತ್ತಿದ್ವು, ಆದ್ರ ಮೈಯಾಗ ಹತ್ತಿದ್ವು. ಮೊಣಕಾಲು ಬಡೀದೇ ಟ್ರೆಂಬಲ್ ಅನ್ನಾಕ ಬರವಲ್ದು. ಸಂಜಿಮುಂದ ಗ್ವಾಡಿಗೆ ಮಾರಿ ಮಾಡಿ ನಡಗಾಕತ್ತಿದ್ದ. ಅತ್ತಿ ನೋಡಿ ಹೌಹಾರಿ, ದೆವ್ವಾ ಬಿಡಸೋ ಬಾಜೂ ಮನಿ ಖಾಲಾನ್ನ ಕರಕೊಂಡು ಬಂದ್ಲು. ಖಾಲಾ ಲೋಬಾನದ ಹೊಗಿ ಹಾಕಿ ಕೇಳಿದ್ಲು, "ಕೌನ್ ಹೈ ರೇ ತೂ? ಯಾವ ಭಾಷಾ ನಿಂದು?"

ಮಾಮಾ ನಡಗ್ಕೋತ ಅಂದ, "ಇಂಗ್ಲಿಷ್."

ಅತ್ತಿ ಹಣಿ ಬಡಕೊಂಡ್ಲು. "ಅಯ್ಯ ಯವ್ವಾ! ಸರ್ಕಾರ ಬದ್ಲಾದ ಮ್ಯಾಲ ದೆವ್ವಗೋಳಿಗೂ ಇಮ್ತಿಹಾನ್ ಇಟ್ಟಾರೇನು!"

೨. ಕೆಂಪು ಬಾಳಿಹಣ್ಣು

ಸಿನಿಮಾದಾಂವ ಆಟ ತೋರ್ಸಾಕ ಕಮಲಾಪುರಕ್ಕ ಹೊಂಟ. ನಮ್ಮ ಪುಸ್ತಕ ಅಂದ್ರ ಆ ರೀಲೇ; ಅದು ಹೋದಲ್ಲಿ ಮಾಸ್ತರೂ ಶಿಷ್ಯಾನೂ ಹೋಗಬೇಕಲ್ರೀ, ನಾನೂ ಮಾಮಾನೂ ಬಸ್ ಹತ್ತಿದ್ವಿ. ಅಲ್ಲಿ ಹಗಲಿನಾಗ ಆಟಕ್ಕ ಬೇಕಾದ ಕತ್ತಲಿ ಸಿಗಾದು ಒಂದ ಮನ್ಯಾಗ. ಅದ್ರ ಮಂದಿ ಗಡಬಡದಾಗ ಬಿಟ್ಟು ಹೋಗಿದ್ರು. ಒಲಿಯಾಗ ಬೂದಿ ಹಂಗೇ ಇತ್ತು. ತೊಲಿಗೆ ತೊಟ್ಲದ ಸರಪಳಿ ಇತ್ತು, ತೊಟ್ಲಾ ಇರ್ಲಿಲ್ಲ.

ಕಿಡಕಿ ಮುಚ್ಚಿ ರೀಲು ಬಿಟ್ವಿ. ಮಂದಿ ತುಂಬಿತ್ತು, ಒಬ್ರೂ ನಗವಲ್ರು. ಮನಶ್ಯಾ ಹೊಗಿಯಾದ ಕೂಡ್ಲೆ ಮುಂದ ಕೂತಿದ್ದ ಮುದಕಿ ಕೇಳಿದ್ಲು, "ಎಲ್ಲಿ ಹೋದಪ್ಪಾ ಆಂವ?"

"ವ್ಯಾನಿಶ್ ಆದ, ಆಯಿ."

"ತಿರುಗಿ ಬರ್ತಾನು?"

ನನ್ನ ಬಾಯಿ ಸುಮ್ನಿರಂಗಿಲ್ಲ ನೋಡ್ರಿ. "ಹಿಡಿಕಿ ಉಲ್ಟಾ ತಿರಗ್ಸಿದ್ರ ಬರ್ತಾನ" ಅಂದೆ. ಸಿನಿಮಾದಾಂವ ಉಲ್ಟಾ ತಿರಗ್ಸಿದ. ಹೊಗಿ ಒಳಗಿಂದ ಮನಶ್ಯಾ ತಿರುಗಿ ಬಂದು ಟೊಪ್ಪಿಗಿ ತೆಳಗ ನಿಂತ.

ಮುದಕಿ ಸಣ್ಣ ದನೀಲೆ ಅಂದ್ಲು, "ಹಂಗಾದ್ರ ಈ ಮನಿಯವ್ರನ್ನೂ ಹಂಗೇ ತಿರಗ್ಸಪ್ಪಾ."

ಸಿನಿಮಾದಾಂವ ಹಿಡಿಕಿಂದ ಕೈ ತೆಗದ.

ಮುದಕಿ ಉಡ್ಯಾಗಿಂದ ಒಂದು ಕೆಂಪು ಬಾಳಿಹಣ್ಣು ತೆಗೆದು ಗ್ವಾಡಿ ಬುಡಕ ಇಟ್ಲು. "ದೂರಿಂದ ಬಂದಾನ, ಹಸದಿರ್ತಾನ."

ಆಟ ಮುಗಿಸಿ ಕಿಡಕಿ ತೆರದು ನೋಡಿದ್ರ ಹಣ್ಣಿಲ್ಲ! ಬರೇ ಸಿಪ್ಪಿ. ಹೆಣ್ಮಕ್ಳು ಚೀರಿದ್ರು. ಮುದಕಿ ಕೈ ಮುಗದ್ಲು. ನಾನೂ ಎರಡು ಹೆಜ್ಜಿ ಹಿಂದ ಸರದೆ. ಹೊಳ್ಳಿ ನೋಡ್ತೀನಿ, ಮಾಮಾನ ಗಲ್ಲ ಉಬ್ಬ್ಯಾವ.

"ಮಾಮಾ, ಹಣ್ಣೆಲ್ಲಿ?"

ನುಂಗಿ, ಮೊಣಕಾಲು ಒಂಚೂರೂ ಬಡೀದಂಗ, ಅಗದಿ ಶುದ್ಧ ಇಂಗ್ಲಿಷಿನಾಗ ಅಂದ, "ವ್ಯಾನಿಶ್."

೩. ಗೂಟ

ಇಮ್ತಿಹಾನ್ ದಿನ ನಾ ಕಚೇರಿ ಕಿಡಕಿ ಹೊರಗ ನಿಂತಿದ್ದೆ. ಹೊಸಾ ಸಾಹೇಬ ಗೂಟಕ್ಕ ಬೆನ್ನು ಮಾಡಿ ಕೂತಿದ್ದ. ಅವನ ಬಿಳೀ ಹ್ಯಾಟು ಮೇಜಿನ ಮ್ಯಾಲ. ಮಾಮಾಕಿಂತ ಮೊದ್ಲ ಹೋದಾಂವ ಅಳ್ಕೋತ ಹೊರಗ ಬಂದ.

ಸಾಹೇಬ ಮಾಮಾಗ ಕೇಳ್ದ: ಒಂದು ಕಠಿಣ ಶಬ್ದ ಹೇಳು, ಉದಾಹರಣಿ ಕೊಡು.

ಮಾಮಾ ಕೈ ಕಟ್ಕೊಂಡು ಅಂದ, "ವ್ಯಾನಿಶ್, ಸರ್. ಓಲ್ಡ್ ಸಾಹೇಬ್ ವ್ಯಾನಿಶ್. ಕ್ಯಾಪ್ ರಿಮೇನ್." ಅಂದಾಂವನೇ ಬೆರಳೆತ್ತಿ ಗೂಟ ತೋರ್ಸಿದ.

ಸಾಹೇಬ ಹೊಳ್ಳಿ ನೋಡ್ದ. ಟೊಪ್ಪಿಗಿ ಕುಚ್ಚು ಅಳ್ಳಾಡ್ತು. ಗಾಳಿ ಇರ್ಲಿಲ್ರೀ, ಗಿಡದಾನ ಎಲಿ ಸೈತ ಅಳ್ಳಾಡ್ತಿರ್ಲಿಲ್ಲ. ಟೊಪ್ಪಿಗಿ ಗೂಟ ಬಿಟ್ಟು ಮ್ಯಾಲೆದ್ದು, ಗಾಳ್ಯಾಗ ನಿಂತ್ತು.

ನಾ ಕಿಡಕಿ ಸರಳು ಗಟ್ಟಿ ಹಿಡಕೊಂಡೆ. ಮಾಮಾಗ ಮಾತ್ರ ಉದಾಹರಣಿ ಸಿಕ್ಕ ಖುಷಿ. "ಹವರ್, ಸರ್!"

ಟೊಪ್ಪಿಗಿ ಬಂದು ಸಾಹೇಬನ ಮುಂದ ಮೇಜಿನ ಮ್ಯಾಲ ಕೂತ್ತು. ಸಾಹೇಬನ ಮೊಣಕಾಲು ಬಡ್ಯಾಕತ್ವು.

"ಟ್ರೆಂಬಲ್, ಸರ್! ವೆರಿ ಗುಡ್ ಟ್ರೆಂಬಲ್!"

ಮರುಗಳಿಗಿ ಕುರ್ಚಿ ಖಾಲಿ. ಮಾಮಾ ಕಿಡಕಿ ಹಂತ್ಯಾಕ ಬಂದು ಮೆಲ್ಲಕ ಅಂದ, "ಅಳ್ಯಾ, ಮೂರೂ ಶಬ್ದ ಬಂದ್ವು ನೋಡು." ಅಂಗಳದಾಗಿಂದ ಸಾಹೇಬ ಒದರಾಕತ್ತಿದ್ದ: "ಪಾಸ್! ಎಲ್ಲಾರೂ ಪಾಸ್!"

ಟೊಪ್ಪಿಗಿಯೊಳಗ ಗುಬ್ಬಿ ಹೊಕ್ಕಿತ್ತು ಅಂತ ಚಪರಾಸಿ ಅಂದ. ನಾ ಒಳಗ ಹೋಗಿ ಎತ್ತಿ ನೋಡ್ದೆ. ಗುಬ್ಬೀನೂ ಇಲ್ಲ, ಪುಕ್ಕಾನೂ ಇಲ್ಲ. ಒಳಗ ಬೆಚ್ಚಗ ಮಾತ್ರ ಇತ್ತು, ಈಗಷ್ಟೇ ಯಾರೋ ತಲಿಯಿಂದ ತೆಗೆದಂಗ.

ಸಾಹೇಬ ವರ್ಗ ಮಾಡಿಸ್ಕೊಂಡು ಹೋದ. ಹ್ಯಾಟು ಒಯ್ಯಾಕ ಬರ್ಲೇ ಇಲ್ಲ. ಚಪರಾಸಿ ಅದನ್ನ ಎರಡ್ನೇ ಗೂಟಕ್ಕ ಹಾಕಿ, ದಿನಾ ಎರಡು ಸಲಾಂ ಹೊಡಿಯಾಕತ್ತ.

ಆಮ್ಯಾಲ ಇನ್ನೊಬ್ಬ ಸಾಹೇಬ ಬಂದ. ಮೊದ್ಲನೇ ದಿನಾನೇ ಮಾಮಾ ಎದ್ದು ನಿಂತು, ಅಗದಿ ಅದಬು ಮರ್ಯಾದಿಲೆ ಎರಡೂ ಕೈ ಚಾಚಿದ.

"ಗುಡ್ ಮಾರ್ನಿಂಗ್, ಸರ್. ಯುವರ್ ಕ್ಯಾಪ್, ಪ್ಲೀಸ್. ಮೂರ್ನೇ ಗೂಟ ಖಾಲಿ ಅದರಿ."