ಮೊದಲು ಇಳಿಯುವವರು ಯಾರು

ಹೆಡ್‌ಮಾಸ್ಟ್ರು: ಇಳೀತೀಯೋ ಇಲ್ವೋ? ಕೊನೇ ಸಲ ಕೇಳ್ತಿದ್ದೀನಿ.

ಟೈಲರ್: ಕೊನೇ ಸಲ ಅಂತ ಇದು ನಾಲ್ಕನೇ ಸಲ ಭಾವ. ಇಳಿಯಲ್ಲ.

ಹೆಡ್‌ಮಾಸ್ಟ್ರು: ಆರು ವರ್ಷದಿಂದ ನೀನೇ ಇಳಿದು ಈ ಗೇಟು ತೆಗೀತಿದ್ದೆ. ಇವತ್ತೇನು ಹೊಸದಾಗಿ ಬಂತು ನಿಂಗೆ?

ಟೈಲರ್: ಆಗ ನಾನು ಏನೂ ಬರೆದು ಕೊಟ್ಟಿರಲಿಲ್ಲ.

ಇಬ್ಬರೂ ಕುದುರೆಯ ಮೇಲೆ ಕೂತಿದ್ದಾರೆ. ಎದುರಿಗೆ ಎದೆಯೆತ್ತರದ ಮರದ ಗೇಟು, ಅದಕ್ಕೊಂದು ಕಬ್ಬಿಣದ ಚಿಲಕ, ಪಕ್ಕದಲ್ಲಿ ‘ತೆರೆದವರೇ ಮುಚ್ಚತಕ್ಕದ್ದು’ ಎಂಬ ಬೋರ್ಡು. ಗೇಟಿನಾಚೆ ಅರ್ಧ ಕಿಲೋಮೀಟರು ಹೋದರೆ ಲಾಯ, ಮನೆ, ಊಟ. ಹೆಡ್‌ಮಾಸ್ಟ್ರು ನಿವೃತ್ತರಾಗಿ ಏಳು ವರ್ಷವಾದರೂ ಜೇಬಿನಲ್ಲಿ ಕೆಂಪು ಪೆನ್ನಿಲ್ಲದೆ ಕುದುರೆ ಹತ್ತುವವರಲ್ಲ. ಟೈಲರು ಅವರ ಹೆಂಡತಿಯ ತಮ್ಮ. ಎರಡೂ ಅರಬ್ಬಿ ತಳಿಯ ಹೆಣ್ಣು ಕುದುರೆಗಳು, ಒಂದೇ ತಾಯಿಯ ಮಕ್ಕಳು, ಒಂದೇ ಲಾಯದಲ್ಲಿರುವವು. ಹೆಡ್‌ಮಾಸ್ಟ್ರು ತಮ್ಮದಕ್ಕೆ ಶಿಸ್ತು ಎಂದು ಹೆಸರಿಟ್ಟಿದ್ದಾರೆ. ಟೈಲರು ತನ್ನದಕ್ಕೆ ಬಾಬಿನ್ ಎಂದು ಇಟ್ಟಿದ್ದಾನೆ, ಏಕೆಂದರೆ ಅದು ಹೊಲಿಗೆ ಯಂತ್ರದ ನೂಲಿನ ಬಾಬಿನ್ನಿನಂತೆ ನಿಲ್ಲು ಎಂದ ಕಡೆ ನಿಲ್ಲದೆ ಸುತ್ತುತ್ತಲೇ ಇರುತ್ತದೆ.

ಹೆಡ್‌ಮಾಸ್ಟ್ರು: ಏನು ಬರೆದು ಕೊಟ್ಟಿದ್ದೀಯ?

ಟೈಲರ್: ‘ಇನ್ನು ಮುಂದೆ ನಾನು ಯಾವ ಚಿಲಕವನ್ನೂ ಮುಟ್ಟುವುದಿಲ್ಲ.’ ಲಾಯದ ಗೋಡೆಗೆ ಮೊಳೆ ಹೊಡೆದು ತೂಗಿಹಾಕಿದ್ದೀರಲ್ಲ. ಹುಲ್ಲು ಹಾಕೋಕೆ ಬಂದಾಗೆಲ್ಲ ಓದ್ತೀನಿ. ಬಾಯಿಪಾಠ ಆಗಿದೆ.

ಹೆಡ್‌ಮಾಸ್ಟ್ರು: ಅದು ಓಟ್ಸ್ ಕೋಣೆ ಚಿಲಕದ ವಿಷಯ.

ಟೈಲರ್: ನಾನು ಮೊದಲು ‘ಓಟ್ಸ್ ಕೋಣೆಯ ಚಿಲಕ’ ಅಂತಾನೇ ಬರೆದಿದ್ದೆ. ನೀವು ಕೆಂಪು ಪೆನ್ನಲ್ಲಿ ಹೊಡೆದು ‘ಯಾವ ಚಿಲಕವನ್ನೂ’ ಅಂತ ತಿದ್ದಿದ್ರಿ. ‘ಚಿಲಕ’ದ ಕೆಳಗೆ ಮೂರು ಗೆರೆ ಬೇರೆ.

ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಓಟ್ಸ್ ಕೋಣೆಯ ಬಾಗಿಲು ತೆರೆದಿತ್ತು, ಒಳಗೆ ಶಿಸ್ತು ಅರ್ಧ ಚೀಲ ಓಟ್ಸ್ ಮುಗಿಸಿ ಉಳಿದರ್ಧದ ಮೇಲೆ ಕಣ್ಣಿಟ್ಟಿತ್ತು. ಆಮೇಲೆ ಎರಡು ದಿನ ಅದಕ್ಕೆ ಹೊಟ್ಟೆನೋವು. ನೋವಿಳಿಯಲೆಂದು ಅದನ್ನು ಹಿಡಿದು ನಡೆಸೀ ನಡೆಸೀ ಹೆಡ್‌ಮಾಸ್ಟ್ರ ಚಪ್ಪಲಿ ಸವೆಯಿತು. ಕೊನೆಯದಾಗಿ ಆ ಕೋಣೆಗೆ ಹೋಗಿ ಬಂದವನು ಟೈಲರು. ಹಾಕಿದ್ದೆ ಎಂದು ಅವನು, ಹಾಕಿರಲಿಲ್ಲ ಎಂದು ಅವರು. ಅಂದಿನಿಂದ ಮಾತಿಲ್ಲ. ಸೋಮವಾರದೊಳಗೆ ಬಾಬಿನ್ ಲಾಯ ಬಿಡಬೇಕೆಂದು ಹೆಡ್‌ಮಾಸ್ಟ್ರ ಆಜ್ಞೆ. ಟೈಲರಿಗೆ ಇರುವುದು ಅಂಗಡಿಯ ಮೇಲಿನ ಎರಡು ಕೋಣೆ, ಅಲ್ಲಿಗೆ ಕುದುರೆ ಮೆಟ್ಟಿಲು ಹತ್ತುವುದಿಲ್ಲ. ಮಾರುವುದೇ ದಾರಿ. ಇವತ್ತು ಶನಿವಾರ. ಅಕ್ಕತಂಗಿಯರನ್ನು ಕೊನೆಯ ಸಲ ಒಟ್ಟಿಗೆ ಕಾಡುದಾರಿಯಲ್ಲಿ ಸುತ್ತಿಸಿ ಬನ್ನಿ ಎಂದು ಹೆಡ್‌ಮಾಸ್ಟ್ರ ಹೆಂಡತಿ ಹೇಳಿದ್ದರಿಂದ ಇಬ್ಬರೂ ಹೊರಟಿದ್ದರು. ಒಂಬತ್ತು ಕಿಲೋಮೀಟರು ಬಾಯಿ ಬಿಡದೆ ಬಂದವರಿಗೆ ಗೇಟು ಬಾಯಿ ಬಿಡಿಸಿತು.

ಹೆಡ್‌ಮಾಸ್ಟ್ರು: ಸರಿ, ಹಾಗಾದ್ರೆ ಬಂದ ದಾರೀಲೇ ವಾಪಸ್ ಹೋಗೋಣ.

ಟೈಲರ್: ನೀಲಿ ಡ್ರಮ್ಮು ಮರೆತ್ರಾ?

ಹೆಡ್‌ಮಾಸ್ಟ್ರು ಮರೆತಿರಲಿಲ್ಲ. ದಾರಿಯಲ್ಲಿ ಪಕ್ಕದಲ್ಲೇ ರೈಲು ಹೋದಾಗ ಶಿಸ್ತು ಕಿವಿಯನ್ನೂ ಅಲ್ಲಾಡಿಸಿರಲಿಲ್ಲ. ಆದರೆ ಬೇಲಿಯ ಹತ್ತಿರ ಯಾರೋ ಇಟ್ಟಿದ್ದ ಖಾಲಿ ನೀಲಿ ಡ್ರಮ್ಮನ್ನು ಕಂಡು ಬಾಲವೆತ್ತಿ, ಬುಸುಗುಟ್ಟಿ, ನಾಲ್ಕೂ ಕಾಲಲ್ಲಿ ಅಡ್ಡಡ್ಡ ಕುಣಿದಿತ್ತು. ಅದನ್ನು ದಾಟಿಸಲು ನಲವತ್ತು ನಿಮಿಷ ಹಿಡಿಯಿತು.

ಟೈಲರ್: ನಿಮ್ಮ ಶಿಸ್ತು ಅಷ್ಟು ಹೊತ್ತು ಕುಣೀತಲ್ಲ, ಡ್ರಮ್ಮು ಏನು ಮಾಡ್ತು ಅದಕ್ಕೆ?

ಹೆಡ್‌ಮಾಸ್ಟ್ರು: ನನ್ನ ಕುದುರೆಗೆ ಬುದ್ಧಿ ಇದೆ, ಅದಕ್ಕೇ ಅನುಮಾನ. ನಿನ್ನದು ಡ್ರಮ್ಮನ್ನ ನೋಡಲೇ ಇಲ್ಲ, ಶಿಸ್ತು ಕುಣೀತು ಅಂತ ಅದೂ ಕುಣೀತು.

ಟೈಲರ್: ಬುದ್ಧಿ ಇದ್ರೆ ಅರ್ಧ ಚೀಲ ತಿಂತಿತ್ತಾ?

ಹೆಡ್‌ಮಾಸ್ಟ್ರು: ಬಾಗಿಲು ತೆರೆದಿಟ್ಟು ಬಂದವನು ನೀನು. ಚಿಲಕ ತೆಗೆಯೋಕೆ ಕುದುರೆಗೆ ಕೈ ಇದೆಯಾ? ಹೇಳು. ಕುದುರೆಗೆ ಕೈ ಇದೆಯಾ?

ಟೈಲರ್: ಇಲ್ಲ.

ಹೆಡ್‌ಮಾಸ್ಟ್ರು: ಅಷ್ಟೇ. ಕೂತ್ಕೋ.

ಟೈಲರ್: ಕೂತೇ ಇದ್ದೀನಲ್ಲ. ಅದೇ ಅಲ್ವಾ ನಿಮ್ಮ ತಕರಾರು.

ಅಷ್ಟರಲ್ಲಿ ಗೇಟಿನಾಚೆಯಿಂದ ದಪ್ಪ ನಾಯಿಯೊಂದು ಓಡಿ ಬಂತು. ಹಿಂದೆ ಏದುಸಿರು ಬಿಡುತ್ತ ಒಬ್ಬ ಹೆಂಗಸು, ಕೈಯಲ್ಲಿ ಖಾಲಿ ಸರಪಳಿ. ಕುದುರೆ, ಟೋಪಿ, ಕೆಂಪು ಪೆನ್ನು ಎಲ್ಲವನ್ನೂ ಒಟ್ಟಿಗೆ ಕಂಡು, ಯಾರೋ ಅಧಿಕಾರಿಗಳೆಂದುಕೊಂಡು ಆಕೆ ಅಲ್ಲೇ ನಿಂತಳು.

ಹೆಡ್‌ಮಾಸ್ಟ್ರು: ಅಮ್ಮಾ, ಸ್ವಲ್ಪ ಇಲ್ಲಿ ಬನ್ನಿ.

ಹೆಂಗಸು: ನಾಯಿ ನಂದಲ್ಲ ಸಾರ್.

ಹೆಡ್‌ಮಾಸ್ಟ್ರು: ನಾಯಿ ವಿಷಯ ಅಲ್ಲಮ್ಮ, ಗೇಟಿನ ವಿಷಯ.

ಹೆಂಗಸು: ನಾನು ಬೆಳಿಗ್ಗೆ ಬಂದಾಗ ಮುಚ್ಚಿದ್ದೆ ಸಾರ್. ಈ ಬೋರ್ಡು ದಿನಾ ಓದ್ತೀನಿ.

ಟೈಲರ್: ಮುಚ್ಚಿದ್ದೇ ನಮಗೆ ಕಷ್ಟ ಆಗಿರೋದು.

ಹೆಂಗಸು: ಅಯ್ಯೋ, ಮುಚ್ಚಬಾರದಿತ್ತಾ? ಹೊಸ ರೂಲ್ಸಾ?

ಹೆಡ್‌ಮಾಸ್ಟ್ರು: ಹಾಗಲ್ಲ. ಒಂದು ಸಲ ತೆರೆದುಬಿಡಿ.

ಹೆಂಗಸು: ತೆರೆದ್ರೆ ದಂಡ ಹಾಕ್ತೀರಿ.

ಟೈಲರ್: ಇವರು ಹೆಡ್‌ಮಾಸ್ಟ್ರಮ್ಮ, ದಂಡ ಹಾಕಲ್ಲ.

ಹೆಂಗಸು: ಮತ್ತೇನು ಹಾಕ್ತಾರೆ?

ಟೈಲರ್: ಬರೆಸ್ಕೋತಾರೆ.

ಹೆಂಗಸಿಗೆ ಅದು ದಂಡಕ್ಕಿಂತ ದೊಡ್ಡದೆನಿಸಿತು. ತನ್ನದಲ್ಲದ ನಾಯಿಯನ್ನು ‘ಬಾರೋ ಚಿನ್ನಾ’ ಎಂದು ಕರೆದು, ಅದಕ್ಕೆ ಸರಪಳಿ ಹಾಕಿ, ಬಂದ ದಾರಿಯಲ್ಲೇ ಸರಸರ ನಡೆದುಬಿಟ್ಟಳು.

ಹೆಡ್‌ಮಾಸ್ಟ್ರು: ನಿನ್ನ ಬಾಯಿಗೆ ಒಂದು ಕಾಜಾ ಹಾಕಿ ಗುಂಡಿ ಹಾಕ್ಕೋಬಾರದಾ? ತೆಗೀತಿದ್ಲು ಪಾಪ.

ಟೈಲರ್: ನೀವ್ಯಾಕೆ ಇಳಿಯಲ್ಲ, ಅದನ್ನ ಹೇಳಿ. ಬೆಳಿಗ್ಗೆ ಅಕ್ಕನ ಮುಂದೆ ಹಾರಿ ಹತ್ತಿದೆ ಅಂತ ಹೇಳ್ಕೊಂಡ್ರಿ.

ಹೆಡ್‌ಮಾಸ್ಟ್ರು: ಹತ್ತಿದ್ದು ನಿಜ.

ಟೈಲರ್: ಲಾಯದ ಹಿಂದೆ ಮೂರು ಮೆಟ್ಟಿಲಿನ ಸ್ಟೂಲಿತ್ತು. ಅದರ ಮೇಲೆ ನಿಮ್ಮ ಬೂಟಿನ ಗುರುತಿತ್ತು.

ಹೆಡ್‌ಮಾಸ್ಟ್ರು ಗಂಟಲು ಸರಿಮಾಡಿಕೊಂಡರು. ಶಿಸ್ತು ಅವರ ಪರವಾಗಿ ಕೆಮ್ಮಿತು.

ಹೆಡ್‌ಮಾಸ್ಟ್ರು: ಮಂಡಿ ಕಣಯ್ಯ. ಎಡಗಡೆದು. ಇಳಿಯೋಕೆ ಇಳೀತೀನಿ, ಆಮೇಲೆ ಹತ್ತೋದು ಹೇಗೆ? ರಿಕಾಬಿಗೆ ಕಾಲಿಟ್ಟ ಕೂಡಲೇ ಇದು ಹೊರಟುಬಿಡುತ್ತೆ. ಹೋದ ತಿಂಗಳು ಒಂದೇ ಕಾಲಲ್ಲಿ ಕುಂಟಾಬಿಲ್ಲೆ ಆಡ್ಕೊಂಡು ಇಡೀ ಹಿತ್ತಲು ಸುತ್ತಿದೆ. ನಿನ್ನ ಅಕ್ಕನಿಗೆ ಹೇಳಬೇಡ.

ಟೈಲರ್: ಅಕ್ಕ ಅಡುಗೆಮನೆ ಕಿಟಕಿಯಿಂದ ನೋಡಿ, ನನಗೆ ಫೋನ್ ಮಾಡಿ ಪೂರ್ತಿ ಹೇಳಿದ್ಲು.

ಹೆಡ್‌ಮಾಸ್ಟ್ರು: ಗೊತ್ತಾಯ್ತಲ್ಲ ನನ್ನ ಕಷ್ಟ. ನಿನಗೆ ಮಂಡಿ ಗಟ್ಟಿ ಇದೆ. ಬರೀ ಹಟಕ್ಕೆ ಕೂತಿದ್ದೀಯ.

ಟೈಲರು ಬಾಬಿನ್‌ನ ಕುತ್ತಿಗೆಯ ಕೂದಲನ್ನು ಅಕಾರಣವಾಗಿ ಬಾಚತೊಡಗಿದ.

ಟೈಲರ್: ಹಟ ಅರ್ಧ. ಇನ್ನರ್ಧ ಪ್ಯಾಂಟು.

ಹೆಡ್‌ಮಾಸ್ಟ್ರು: ಯಾವ ಪ್ಯಾಂಟು?

ಟೈಲರ್: ಹಾಕ್ಕೊಂಡಿರೋದು. ಕೊನೇ ಸವಾರಿ ಅಂತ ಹೊಸದಾಗಿ ಹೊಲಿದೆ. ಬಾಬಿನ್ ಮೇಲೆ ಒಂದು ಸಲ ಅಂದವಾಗಿ ಕೂರೋಣ ಅಂತ. ಎರಡನೇ ಕಿಲೋಮೀಟರಲ್ಲಿ ಹಿಂದಿನ ಹೊಲಿಗೆ ಮಾತಾಡ್ತು. ನೀಲಿ ಡ್ರಮ್ಮಿನ ಹತ್ತಿರ ಪೂರ್ತಿ ಭಾಷಣ ಮಾಡ್ತು.

ಹೆಡ್‌ಮಾಸ್ಟ್ರು: ನೀನೇ ಹೊಲಿದದ್ದಾ?

ಟೈಲರ್: ಅದನ್ನೇ ಊರಿಗೆ ತೋರಿಸ್ಕೊಂಡು ಇಳೀಬೇಕಾ ನಾನು? ನಾಳೆ ಯಾರು ಬಟ್ಟೆ ಕೊಡ್ತಾರೆ ನನಗೆ?

ಹೆಡ್‌ಮಾಸ್ಟ್ರು ನಗಬಾರದೆಂದು ಬಹಳ ಪ್ರಯತ್ನಪಟ್ಟರು. ಹೊಟ್ಟೆ ಕೇಳಲಿಲ್ಲ, ಕುಲುಕಿತು. ಮೂರು ತಿಂಗಳಿಂದ ನಕ್ಕಿರದ ಮನುಷ್ಯ ಕುದುರೆಯ ಮೇಲೆ ಟೋಪಿ ಹಿಡಿದುಕೊಂಡು ನಕ್ಕರು. ಟೈಲರೂ ನಕ್ಕ, ಆದರೆ ಹೊಲಿಗೆಯ ನೆನಪಾಗಿ ಮೆಲ್ಲಗೆ. ಅಷ್ಟರಲ್ಲಿ ಹೆಡ್‌ಮಾಸ್ಟ್ರಿಗೆ ತಾವು ಕೋಪದಲ್ಲಿರುವುದು ಜ್ಞಾಪಕವಾಯಿತು.

ಹೆಡ್‌ಮಾಸ್ಟ್ರು: ಇಲ್ಲಿ ನೋಡೋರು ಯಾರೂ ಇಲ್ಲ. ನಾನು ಮುಖ ತಿರುಗಿಸ್ಕೋತೀನಿ. ಇಳಿ.

ಟೈಲರ್: ಪ್ಯಾಂಟಿಗೆ ಪರಿಹಾರ ಸಿಕ್ತು. ಕಾಗದಕ್ಕೆ?

ಹೆಡ್‌ಮಾಸ್ಟ್ರು: ಕಾಗದಕ್ಕೆ ತಿದ್ದುಪಡಿ ಮಾಡ್ತೀನಿ, ಆಯ್ತಾ? ‘ಕಾಡುದಾರಿಯ ಗೇಟೊಂದನ್ನು ಹೊರತುಪಡಿಸಿ.’ ಸಹಿ ಹಾಕಿ ಕೊಡ್ತೀನಿ.

ಟೈಲರ್: ಬರೀರಿ. ಬರೆದು ಕೈಗೆ ಕೊಟ್ಟ ಮೇಲೆ ಇಳೀತೀನಿ.

ಹೆಡ್‌ಮಾಸ್ಟ್ರು ಲಗಾಮನ್ನು ಶಿಸ್ತಿನ ಕುತ್ತಿಗೆಯ ಮೇಲೆ ಬಿಟ್ಟರು. ಜೇಬಿನಿಂದ ಚೀಟಿ ತೆಗೆದು, ತೊಡೆಯ ಮೇಲಿಟ್ಟುಕೊಂಡು, ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ಕಿತ್ತು ಬರೆಯತೊಡಗಿದರು. ಲಗಾಮು ಸಡಿಲವಾದದ್ದೇ ತಡ, ಶಿಸ್ತು ಕುತ್ತಿಗೆ ಚಾಚಿ, ಮೇಲ್ದುಟಿಯಿಂದ ಚಿಲಕವನ್ನು ಒಮ್ಮೆ ಮುಟ್ಟಿ ನೋಡಿತು. ಆಮೇಲೆ ಎರಡೂ ತುಟಿಯಲ್ಲಿ ಹಿಡಿಯನ್ನು ಕಚ್ಚಿ ಮೇಲೆತ್ತಿತು, ಪಕ್ಕಕ್ಕೆ ಎಳೆಯಿತು, ಎದೆಯಿಂದ ಗೇಟನ್ನು ತಳ್ಳಿತು. ದಿನಾ ಮಾಡುವ ಕೆಲಸದಂತೆ ಇಷ್ಟನ್ನೂ ಮಾಡಿ ಮುಗಿಸಿ ಆಚೆ ನಡೆಯಿತು. ಬಾಬಿನ್ ಹಿಂದೆಯೇ ಹೋಯಿತು.

ಹೆಡ್‌ಮಾಸ್ಟ್ರು: ‘...ಹೊರತುಪಡಿಸಿ, ಈ ದಿನಾಂಕದಿಂದ...’ ಎಲ್ಲಿಗೆ ಹೋಗ್ತಿದ್ದೀವಿ?

ಟೈಲರ್: ಆಚೆ ಬಂದ್ವಿ ಭಾವ.

ಹೆಡ್‌ಮಾಸ್ಟ್ರು: ನೀನು ಇಳಿದೆಯಾ?

ಟೈಲರ್: ಇಲ್ಲ.

ಹೆಡ್‌ಮಾಸ್ಟ್ರು ಹಿಂದೆ ತಿರುಗಿ ನೋಡಿದರು. ಗೇಟು ಹಾರುಹೊಡೆದಿತ್ತು. ಚಿಲಕದ ಮೇಲೆ ಎಂಜಲು ಹೊಳೆಯುತ್ತಿತ್ತು, ಶಿಸ್ತಿನ ಗಡ್ಡಕ್ಕೆ ಅಷ್ಟು ತುಕ್ಕು ಮೆತ್ತಿತ್ತು. ಓಟ್ಸ್ ಕೋಣೆಯ ಬಾಗಿಲೂ ಅಂದು ಹೀಗೆಯೇ ತೆರೆದಿತ್ತು, ಚಿಲಕ ಹೀಗೆಯೇ ಒದ್ದೆಯಾಗಿತ್ತು. ಅವತ್ತು ಅದನ್ನು ಅವರು ಟೈಲರನ ಬೆವರು ಎಂದುಕೊಂಡಿದ್ದರು.

ಟೈಲರ್: ಕುದುರೆಗೆ ಕೈ ಇಲ್ಲ ಅಂದ್ರಿ.

ಹೆಡ್‌ಮಾಸ್ಟ್ರು: ಇಲ್ಲ.

ಟೈಲರ್: ಒಪ್ತೀನಿ. ಪೆನ್ನು ಒಳಗಿಡಬೇಡಿ ಭಾವ, ಮುಚ್ಚಳ ಹೇಗೂ ಬಾಯಲ್ಲೇ ಇದೆ. ‘ನಾನು, ನಿವೃತ್ತ ಮುಖ್ಯೋಪಾಧ್ಯಾಯ...’

ಹೆಡ್‌ಮಾಸ್ಟ್ರು: ಬರೀತಿದ್ದೀನಿ, ನಿಧಾನ ಹೇಳು.

ಟೈಲರ್: ‘...ನನ್ನ ಭಾಮೈದನನ್ನು ಮೂರು ತಿಂಗಳು ಸುಮ್ಮಸುಮ್ಮನೆ ದೂರ ಇಟ್ಟೆ.’

ಹೆಡ್‌ಮಾಸ್ಟ್ರು: ‘ವಿನಾಕಾರಣ’ ಅಂತ ಹಾಕ್ತೀನಿ, ಚೆನ್ನಾಗಿರುತ್ತೆ.

ಟೈಲರ್: ಹಾಕಿ. ‘ಬಾಬಿನ್ ಸೋಮವಾರ...’

ಟೈಲರು ಅಷ್ಟಕ್ಕೇ ಬಿಟ್ಟು ಬಾಬಿನ್‌ನ ಕುತ್ತಿಗೆ ತಟ್ಟಿದ. ಹೆಡ್‌ಮಾಸ್ಟ್ರು ಕೇಳದೆಯೇ ಬರೆದರು, ಬರೆದು ಚೀಟಿಯನ್ನು ಚಾಚಿ ಕೊಟ್ಟರು. ‘ಬಾಬಿನ್ ಎಲ್ಲಿಗೂ ಹೋಗುವುದಿಲ್ಲ’ ಎಂದು ಕೆಂಪಕ್ಷರದಲ್ಲಿತ್ತು, ಕೆಳಗೆ ಮೂರು ಗೆರೆ.

ಹೆಡ್‌ಮಾಸ್ಟ್ರು: ಇನ್ನು ಗೇಟು.

ಟೈಲರ್: ತೆರೆದವರೇ ಮುಚ್ಚತಕ್ಕದ್ದು.

ಹೆಡ್‌ಮಾಸ್ಟ್ರು: ಅದಕ್ಕೆ ತೆರೆಯೋದು ಮಾತ್ರ ಬರುತ್ತೆ. ಮುಚ್ಚೋಕೆ ನಾನು ಕಲಿಸಲಿಲ್ಲ.

ಟೈಲರ್: ತೆರೆಯೋಕೂ ನೀವೇನೂ ಕಲಿಸಲಿಲ್ಲ.

ಹೆಡ್‌ಮಾಸ್ಟ್ರು ಬಲಗಾಲು ಎತ್ತಿದರು, ಕುದುರೆಯ ಬೆನ್ನಿಗೆ ಹೊಟ್ಟೆ ಕೊಟ್ಟು ಜಾರಿದರು, ‘ಅಮ್ಮಾ’ ಎನ್ನುತ್ತ ನೆಲ ಮುಟ್ಟಿದರು. ಕುಂಟುತ್ತ ಹೋಗಿ ಗೇಟು ಎಳೆದು, ಚಿಲಕ ಹಾಕಿ, ಎರಡು ಸಲ ಅಲ್ಲಾಡಿಸಿ ನೋಡಿದರು. ಇನ್ನು ಹತ್ತುವ ಮಾತೇ ಇರಲಿಲ್ಲ. ಭಾವ ನಡೆಯುವಾಗ ತಾನು ಮೇಲೆ ಕೂರುವುದು ಟೈಲರಿಗೂ ಸರಿಬರಲಿಲ್ಲ. ಅವನೂ ಇಳಿದ. ಇಳಿಯುವಾಗ ಪ್ಯಾಂಟು ಹರಿದ ಸದ್ದು ಗೇಟಿನವರೆಗೂ ಕೇಳಿಸಿತು, ಬಟ್ಟೆ ಒಳ್ಳೆಯ ಜಾತಿಯದು. ಹೆಡ್‌ಮಾಸ್ಟ್ರು ತಮ್ಮ ಕೋಟು ಬಿಚ್ಚಿ ಅವನ ಸೊಂಟಕ್ಕೆ ಕಟ್ಟಿದರು.

ಲಾಯದ ಬಾಗಿಲಲ್ಲಿ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಕುಂಟುವ ಗಂಡ, ಕೋಟು ಉಟ್ಟ ತಮ್ಮ, ಹಿಂದೆ ಎರಡು ಖಾಲಿ ಜೀನಿನ ಕುದುರೆಗಳು.

ಅಕ್ಕ: ಬಿದ್ರಾ?

ಹೆಡ್‌ಮಾಸ್ಟ್ರು: ಇಲ್ಲ ಕಣೇ. ಇಳಿದ್ವಿ.

ಟೈಲರ್: ಅಕ್ಕಾ, ಬಾಬಿನ್ ಇಲ್ಲೇ ಇರುತ್ತೆ. ಓಟ್ಸ್ ಕೋಣೆ ಚಿಲಕ ತೆಗೆದದ್ದು ನಾನಲ್ಲ, ಶಿಸ್ತು.

ಅಕ್ಕ: ತುಟಿಯಲ್ಲಿ ಎತ್ತಿ ಪಕ್ಕಕ್ಕೆ ಎಳೀತಲ್ಲ, ಹಾಗೇನಾ?

ಇಬ್ಬರೂ ನಿಂತರು. ಹೆಡ್‌ಮಾಸ್ಟ್ರ ಕೈ ತಾನಾಗಿಯೇ ಕೆಂಪು ಪೆನ್ನಿನ ಕಡೆಗೆ ಹೋಯಿತು.

ಹೆಡ್‌ಮಾಸ್ಟ್ರು: ನಿನಗೆ ಮೊದಲೇ ಗೊತ್ತಿತ್ತಾ?

ಅಕ್ಕ: ಅಡುಗೆಮನೆ ಕಿಟಕಿಯಿಂದ ಎಲ್ಲಾ ಕಾಣುತ್ತೆ ರೀ. ನಾಳೆ ಸಂಜೆ ಹೇಳೋಣ ಅಂತಿದ್ದೆ. ಇನ್ನೊಂದೇ ಒಂದು ದಿನ ತಡ್ಕೊಳ್ಳಿ, ಆಮೇಲೆ ಮಾತಾಡಿ. ನೀವಿಬ್ರೂ ಮಾತು ಬಿಟ್ಟ ಮೇಲೆ ಈ ಮನೇಲಿ ಗಲಾಟೆ ನಿಂತು ನನಗೆ ರೇಡಿಯೋ ಕೇಳಿಸೋಕೆ ಶುರುವಾಗಿತ್ತು.